ಬೆನ್ನುನೋವು ಯಾವ ಖಾತೆಗೆ?

ಕಾಮರ್ಸ್ ಓದುವವನಿಗೆ ಮೂಳೆ-ಮಾಂಸದ ಉಸಾಬರಿ ಏಕೆ ಎಂದು, ಈ ಲೇಖನದ ವಿಷಯ ಹೇಳಿದ ಕೂಡಲೇ ನಮ್ಮ ಸಂಘದ ಗೆಳೆಯರು ನಕ್ಕರು. "ನೀನು ಡೆಬಿಟ್ ಕ್ರೆಡಿಟ್ ಬರಿ ಮಾರಾಯ, ಸೊಂಟದ ವಿಚಾರ ಸೈನ್ಸಿನವರು ನೋಡ್ಕೊಳ್ತಾರೆ" ಎಂದರೊಬ್ಬರು. ಸೈನ್ಸಿನವರು ನೋಡಿಕೊಳ್ಳುವುದು ಸೊಂಟ ಮುರಿದ ಮೇಲೆ, ಸ್ವಾಮಿ. ಮುರಿಯುವ ಮೊದಲು ಅದನ್ನು ನೋಡಿಕೊಳ್ಳಬೇಕಾದವರು ಚೀಲಕ್ಕೆ ಎಷ್ಟು ಕಿಲೋ ತುಂಬಬೇಕು, ಗೋದಾಮಿಗೆ ಎಷ್ಟು ಆಳು ಬೇಕು, ಕೈಗಾಡಿ ಕೊಳ್ಳಬೇಕೋ ಬೇಡವೋ ಎಂದು ಲೆಕ್ಕ ಹಾಕುವವರು. ಅಂದರೆ ನಾಳೆಯ ನಾವು, ಬಿ.ಕಾಂ. ಮುಗಿಸಿ ಗುಮಾಸ್ತರೋ ಮ್ಯಾನೇಜರೋ ಧಣಿಗಳೋ ಆಗಲಿರುವ ನಾವು. ಇದು ನನ್ನ ವಾದ. ಒಪ್ಪದವರು ಮುಂದಿನ ಸಂಚಿಕೆಯಲ್ಲಿ ಬರೆಯಬಹುದು, ಪುಟ ಖಾಲಿ ಇದೆ.

ಏಳನೆಯ ಇಯತ್ತೆಯವರೆಗೆ ನಾನು ಮುಂಬಯಿ ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಓದಿದವನು. ಅಲ್ಲಿ ವಿಜ್ಞಾನದ ಪಾಠದಲ್ಲಿ ಸನ್ನೆ ಎಂಬುದು ಬರುತ್ತಿತ್ತು: ಆನಿಕೆ, ಭಾರ, ಶ್ರಮ. ಕತ್ತರಿ ಮೊದಲನೆಯ ವರ್ಗ, ಅಡಕತ್ತರಿ ಎರಡನೆಯ ವರ್ಗ, ಚಿಮಟ ಮೂರನೆಯ ವರ್ಗ. ಭಾರವನ್ನು ಅದರ ದೂರದಿಂದ ಗುಣಿಸಿದರೆ ಬರುವುದೂ, ಶ್ರಮವನ್ನು ಅದರ ದೂರದಿಂದ ಗುಣಿಸಿದರೆ ಬರುವುದೂ ಸಮ. ಬಾಯಿಪಾಠ ಮಾಡಿ ಅಂಕ ಗಳಿಸಿ ಮರೆತಿದ್ದೆವು. ಕಾಲೇಜಿಗೆ ಬಂದ ಮೇಲೆ ಇದೇ ಮಾತು ಹಣಕಾಸಿನ ಪಾಠದಲ್ಲಿ 'ಲೀವರೇಜ್' ಎಂಬ ವೇಷದಲ್ಲಿ ಬಂತು: ಸಣ್ಣ ಬಂಡವಾಳದಿಂದ ದೊಡ್ಡ ವ್ಯವಹಾರ ಎತ್ತುವುದು. ನಮ್ಮ ಮೈ ಮಾತ್ರ ಇದಕ್ಕೆ ತೀರಾ ಉಲ್ಟಾ ವ್ಯಾಪಾರ ಮಾಡುತ್ತದೆ. ಮೊಣಕೈ ಮಡಚಿ ಐದು ಕಿಲೋ ತರಕಾರಿ ಚೀಲ ಹಿಡಿದಿದ್ದೀರಿ ಅನ್ನಿ. ಮೊಣಕೈ ಕೀಲಿನಿಂದ ಚೀಲಕ್ಕೆ ಸುಮಾರು 35 ಸೆಂಟಿಮೀಟರ್. ಅದನ್ನು ಎತ್ತಿ ಹಿಡಿಯುವ ತೋಳಿನ ಸ್ನಾಯು ಅಂಟಿಕೊಂಡಿರುವುದು ಕೀಲಿನಿಂದ ಬರೇ ನಾಲ್ಕೈದು ಸೆಂಟಿಮೀಟರ್ ದೂರದಲ್ಲಿ. ಲೆಕ್ಕ ಮಾಡಿ ನೋಡಿ: ಐದು ಕಿಲೋ ಚೀಲಕ್ಕೆ ಸ್ನಾಯು ಮೂವತ್ತೈದು ಕಿಲೋ ಎಳೆಯಬೇಕು! ನಷ್ಟದ ವ್ಯಾಪಾರವೇ ಸರಿ. ಆದರೆ ಸ್ನಾಯು ಒಂದಂಗುಲ ಕುಗ್ಗಿದರೆ ಕೈ ಒಂದು ಗೇಣು ಚಲಿಸುತ್ತದೆ, ಆ ವೇಗಕ್ಕಾಗಿ ನಾವು ತೆರುವ ಬೆಲೆ ಇದು. ಇಟಲಿಯ ಬೊರೆಲ್ಲಿ ಎಂಬ ಗಣಿತಜ್ಞ ಇದನ್ನು ಲೆಕ್ಕ ಹಾಕಿ ಬರೆದಿಟ್ಟ. ಅವನ ಪುಸ್ತಕ ಅಚ್ಚಾದದ್ದು 1680ರಲ್ಲಿ, ಅವನು ಸತ್ತ ಮೇಲೆ. ಮುನ್ನೂರು ವರ್ಷಕ್ಕೂ ಹಳೆಯ ವಿಷಯ. ಆದರೂ ನಮ್ಮ ಓಣಿಗೆ ಇನ್ನೂ ತಲುಪಿಲ್ಲ.

ಬೆನ್ನಿನದೂ ಇದೇ ಕಥೆ, ಇನ್ನೂ ಕೆಟ್ಟದಾಗಿ. ಬೆನ್ನುಹುರಿಯ ಕಂಬದಲ್ಲಿ ಒಂದು ಮಣಿಯ ಮೇಲೆ ಇನ್ನೊಂದು ಮಣಿ, ನಡುವೆ ಮೆತ್ತೆಯಂಥ ಬಿಲ್ಲೆಗಳು. ಡಿಸ್ಕ್ ಎಂದು ನಾವೆಲ್ಲ ಕೇಳಿರುವುದು ಅದೇ. ಹಿಂಬದಿಯ ಸ್ನಾಯುಗಳು ಈ ಬಿಲ್ಲೆಯ ನಡುವಿನಿಂದ ಐದಾರು ಸೆಂಟಿಮೀಟರ್ ಹಿಂದೆ ಇವೆ. ನೀವು ಬಾಗಿ ಎತ್ತುವ ಭಾರ ಮಾತ್ರ ಅರ್ಧ ಮೀಟರ್ ಮುಂದೆ ಇರುತ್ತದೆ.

ಈಗ ನಮ್ಮವರ ಕೆಲಸಕ್ಕೆ ಬನ್ನಿ. ಮುಂಬಯಿಯ ಕನ್ನಡಿಗರೆಂದರೆ ಬ್ಯಾಂಕಿನವರು, ಪ್ರೊಫೆಸರರು, ನಾಟಕದವರು ಎಂದು ನಮ್ಮ ವಾರ್ಷಿಕೋತ್ಸವದ ಭಾಷಣಗಳಲ್ಲಿ ಕೇಳುತ್ತೇವೆ. ಹೋಟೆಲಿನ ಭಟ್ಟಿಯ ಮುಂದೆ ನಿಂತವರು, ಕಟ್ಟಡಗಳಲ್ಲಿ ಸಿಮೆಂಟು ಹೊರುವ ಕಲಬುರಗಿ-ವಿಜಯಪುರದ ಕಡೆಯವರು ಆ ಭಾಷಣಗಳಲ್ಲಿ 'ಶ್ರಮಜೀವಿಗಳು' ಎಂಬ ಒಂದೇ ಪದದಲ್ಲಿ ಮುಗಿದುಹೋಗುತ್ತಾರೆ. ನನ್ನ ಅಪ್ಪ ಈ ಒಂದು ಪದದೊಳಗಿನವರು. ಇಪ್ಪತ್ತಾರು ವರ್ಷ ಉಪನಗರದ ಒಂದು ಹೋಟೆಲಿನ ಅಡುಗೆಮನೆಯಲ್ಲಿ ಇದ್ದರು. ಸಾಂಬಾರಿನ ಪಾತ್ರೆ ತುಂಬಿದಾಗ ಇಪ್ಪತ್ತು ಕಿಲೋಗೆ ಕಡಿಮೆ ಇಲ್ಲ. ಅದನ್ನು ನೆಲದ ಭಟ್ಟಿಯಿಂದ ಎತ್ತಿ ಕಟ್ಟೆಯ ಮೇಲಿಡಬೇಕು, ದಿನಕ್ಕೆ ಹತ್ತಾರು ಸಲ.

'ಭಾರ ಎತ್ತುವಾಗ ಮೈಗೆ ಹತ್ತಿರ ಹಿಡಿಯಿರಿ' ಎಂದು ಎಲ್ಲ ಆಸ್ಪತ್ರೆಯ ಗೋಡೆಗಳ ಮೇಲೂ ಚಿತ್ರ ಸಮೇತ ಅಂಟಿಸಿರುತ್ತಾರೆ. ಒಳ್ಳೆಯ ಮಾತು. ಆದರೆ ಕುದಿಯುವ ಸಾಂಬಾರನ್ನು ಎದೆಗೆ ಅವಚಿ ಹಿಡಿಯುವುದು ಹೇಗೆ? ಬಿಸಿಯಾದ್ದರಿಂದಲೇ ಕೈ ಚಾಚಿ ದೂರ ಹಿಡಿಯಬೇಕು. ದೂರ ಹಿಡಿದಷ್ಟೂ ಸನ್ನೆಯ ತೋಳು ಉದ್ದ. ಒರಟು ಲೆಕ್ಕವೇ ಮಾಡೋಣ: ಇಪ್ಪತ್ತು ಕಿಲೋ, ಐವತ್ತು ಸೆಂಟಿಮೀಟರ್ ಮುಂದೆ, ಸ್ನಾಯು ಐದು ಸೆಂಟಿಮೀಟರ್ ಹಿಂದೆ. ಪಾತ್ರೆಯೊಂದಕ್ಕೇ ಬೆನ್ನಿನ ಸ್ನಾಯು ಇನ್ನೂರು ಕಿಲೋ ಎಳೆಯಬೇಕಾಯಿತು. ಇದಲ್ಲದೆ ಬಾಗಿದ ಮೈಯ ಮೇಲ್ಭಾಗದ ತೂಕವೂ ಮುಂದಕ್ಕೆ ಜಗ್ಗುತ್ತಿರುತ್ತದೆ. ಸಾಧಾರಣ ಮನುಷ್ಯನಿಗೆ ಅದರ ಬಾಬ್ತು ಇನ್ನೊಂದು ನೂರೈವತ್ತು ಕಿಲೋ ಮೇಲೆಯೇ. ಸ್ನಾಯು ಎಳೆದದ್ದೆಲ್ಲ ಬಿಲ್ಲೆಯನ್ನು ಅದುಮುತ್ತದೆ. ಅಮೆರಿಕದಲ್ಲಿ ಕೆಲಸದ ಜಾಗದ ಸುರಕ್ಷತೆ ನೋಡುವ ನಯಾಶ್ ಎಂಬ ಸರ್ಕಾರಿ ಸಂಸ್ಥೆ ಈ ಅದುಮಿಕೆ 3400 ನ್ಯೂಟನ್, ಎಂದರೆ ಸುಮಾರು 350 ಕಿಲೋ, ದಾಟಬಾರದು ಎನ್ನುತ್ತದೆ. ಅಪ್ಪನ ಪಾತ್ರೆ ದಿನಕ್ಕೆ ಹತ್ತಾರು ಸಲ ಅದನ್ನು ದಾಟುತ್ತಿತ್ತು. ಪೇಪರಿನ ಲೆಕ್ಕ ನಂಬದವರಿಗೆ ಇನ್ನೊಂದು ಸಾಕ್ಷಿ: 1999ರಲ್ಲಿ ಜರ್ಮನಿಯ ಸಂಶೋಧಕರು ಒಬ್ಬ ಸ್ವಯಂಸೇವಕನ ಬಿಲ್ಲೆಯೊಳಗೇ ಒತ್ತಡ ಅಳೆಯುವ ಸಾಧನ ಇಟ್ಟು ನೋಡಿದರು. ಸುಮ್ಮನೆ ನಿಂತಾಗ 0.5 ಮೆಗಾಪಾಸ್ಕಲ್. ಇಪ್ಪತ್ತು ಕಿಲೋ ಮೈಗೆ ಹತ್ತಿರ ಹಿಡಿದಾಗ 1.1. ಅದೇ ಇಪ್ಪತ್ತು ಕಿಲೋ ಎದೆಯಿಂದ 60 ಸೆಂಟಿಮೀಟರ್ ದೂರ ಹಿಡಿದಾಗ 1.8. ಬೆನ್ನು ಬಾಗಿಸಿ ಎತ್ತಿದಾಗ 2.3. ತೂಕ ಅದೇ, ಮನುಷ್ಯ ಅವನೇ!

ನಮ್ಮ ಹೆಂಗಸರು ಇದನ್ನು ಯಾವ ಜರ್ಮನ್ನರಿಂದಲೂ ಕಲಿಯಲಿಲ್ಲ. ತಲೆಗೆ ಸಿಂಬಿ ಇಟ್ಟು ಕೊಡ ಹೊತ್ತರೆ ಭಾರ ನೇರ ಬೆನ್ನುಕಂಬದ ಮೇಲೆ ಕೂರುತ್ತದೆ, ಮುಂದಕ್ಕೆ ಜಗ್ಗುವ ತೋಳೇ ಇಲ್ಲ. ಕೀನ್ಯಾದ ಹೆಂಗಸರು ತಮ್ಮ ತೂಕದ ಐದನೆಯ ಒಂದು ಪಾಲನ್ನು ತಲೆಯ ಮೇಲೆ ಹೊತ್ತು ನಡೆಯುವಾಗ ಹೆಚ್ಚಿನ ಶಕ್ತಿಯೇ ಖರ್ಚಾಗುವುದಿಲ್ಲ ಎಂದು 1986ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದಿತ್ತು. ಆದರೆ ಇದನ್ನು ಓದಿ 'ನಮ್ಮ ಪೂರ್ವಜರು ಎಷ್ಟು ಜಾಣರು' ಎಂದು ಕುಣಿಯುವವರಿಗೆ ಒಂದು ಮಾತು. ಹನ್ನೆರಡು ಕಿಲೋದ ಕೊಡ ಬೇರೆ, ಐವತ್ತು ಕಿಲೋದ ಸಿಮೆಂಟು ಚೀಲ ಬೇರೆ. ಕತ್ತಿನ ಮಣಿಗಳಿಗೆ ಆ ಗಣಿತ ಚೆನ್ನಾಗಿ ಗೊತ್ತು. ಮತ್ತೆ, ತಲೆಗೆ ಏರಿಸುವಾಗ ಮತ್ತು ತಿರುಚಿ ಇಳಿಸುವಾಗ ಬೆನ್ನಿಗೆ ಬೀಳುವ ಪೆಟ್ಟನ್ನು ಸಿಂಬಿ ತಪ್ಪಿಸಲಾರದು.

ಈ ಐವತ್ತು ಕಿಲೋ ಎಲ್ಲಿಂದ ಬಂತು? ದೇವರು ಕೊಟ್ಟದ್ದಲ್ಲ, ಪ್ರಕೃತಿ ನಿಯಮವೂ ಅಲ್ಲ. ಬ್ರಿಟನ್ನಿನಲ್ಲಿ ಹಿಂದೆ ಸಿಮೆಂಟು ಚೀಲ ಹೆಚ್ಚುಕಡಿಮೆ ಐವತ್ತು ಕಿಲೋ ಇತ್ತು. ಈಗ ಅಲ್ಲಿ ಇಪ್ಪತ್ತೈದು. ನಯಾಶ್‌ನವರು 1991ರಲ್ಲಿ ಮಾಡಿದ ಸೂತ್ರದಲ್ಲಿ ಎಲ್ಲ ಅನುಕೂಲವೂ ಇದ್ದಾಗ, ಅಂದರೆ ಭಾರ ಮೈಗೆ ಹತ್ತಿರ, ತಿರುಚುವುದಿಲ್ಲ, ಹಿಡಿಕೆ ಚೆನ್ನಾಗಿದೆ, ಆಗಲೂ ಮಿತಿ 23 ಕಿಲೋ. ಅನುಕೂಲ ಒಂದೊಂದು ಕಡಿಮೆಯಾದಂತೆ ಆ 23 ಇನ್ನೂ ಇಳಿಯುತ್ತದೆ. ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯವರು 1967ರಲ್ಲಿ ಮಾಡಿದ ಶಿಫಾರಸಿನಲ್ಲಿ ಗಂಡಾಳಿಗೆ 55 ಕಿಲೋ ಎಂದಿದ್ದರು. ನಮ್ಮ 1948ರ ಕಾರ್ಖಾನೆ ಕಾಯಿದೆ ಬರೆದವರು 34ನೆಯ ಕಲಮಿನಲ್ಲಿ ಗಾಯವಾಗುವಷ್ಟು ಭಾರ ಯಾರಿಂದಲೂ ಎತ್ತಿಸಬಾರದು ಎಂದು ಹಾಕಿದ್ದರು. ಗಾಯವಾಗುವಷ್ಟು ಎಂದರೆ ಎಷ್ಟು? ಅದೇ ತಾನೇ ಪ್ರಶ್ನೆ. ಬೆರಳು ಕತ್ತರಿಸಿಕೊಂಡರೆ ಅದಕ್ಕೊಂದು ತಾರೀಖು ಇದೆ, ರಕ್ತ ಇದೆ, ಸಾಕ್ಷಿ ಇದೆ. ಬಿಲ್ಲೆ ಇಪ್ಪತ್ತಾರು ವರ್ಷ ಸವೆದು ಒಂದು ಸೋಮವಾರ ಬೆಳಿಗ್ಗೆ ಬಗ್ಗಿದಾಗ ಹಿಡಿದುಕೊಂಡರೆ ಅದಕ್ಕೆ ತಾರೀಖು ಯಾವುದು? ಯಂತ್ರಕ್ಕಾದರೆ ನಾವು ವರ್ಷ ವರ್ಷ ಸವಕಳಿ ಬರೆಯುತ್ತೇವೆ, ಡಿಪ್ರಿಸಿಯೇಶನ್ ಎಂದು ನೂರಕ್ಕೆ ಇಷ್ಟು ತೆಗೆದಿಡುತ್ತೇವೆ. ಹೋಟೆಲಿನ ಗ್ರೈಂಡರಿಗೂ ಬರೆಯುತ್ತೇವೆ. ಗ್ರೈಂಡರಿನ ಪಕ್ಕ ನಿಂತವನ ಬೆನ್ನಿಗೆ ಯಾವ ಖಾತೆಯೂ ಇಲ್ಲ. ಮೊದಲ ಇಯರಿನ ಪುಸ್ತಕ ಪೂರ್ತಿ ಹುಡುಕಿದ್ದೇನೆ, ಸಿಗಲಿಲ್ಲ.

ಅಪ್ಪನಿಗೆ ಹಿಡಿದುಕೊಂಡಾಗ ಧಣಿಗಳು ಕೆಟ್ಟವರಾಗಿ ನಡೆದುಕೊಳ್ಳಲಿಲ್ಲ, ಅದನ್ನೂ ಹೇಳಬೇಕು. ಆಟೋಗೆ ದುಡ್ಡು ಕೊಟ್ಟರು, "ಎರಡು ವಾರ ಮಲಗಿ ಬಿಡಿ, ಮತ್ತೆ ನೋಡುವ" ಎಂದರು. ಇ.ಎಸ್.ಐ. ಪುಸ್ತಕದಲ್ಲಿ ಹೆಸರೇ ಇರಲಿಲ್ಲ. 2019ರ ಜುಲೈಯಿಂದ ಧಣಿಯ ಪಾಲು ಸಂಬಳದ ನೂರಕ್ಕೆ ಮೂರೂಕಾಲು, ಆಳಿನ ಪಾಲು ನೂರಕ್ಕೆ ಮುಕ್ಕಾಲು ಎಂದು ನಾನು ಪರೀಕ್ಷೆಗೆ ಓದಿದ್ದೆ. ಆ ಮೂರೂಕಾಲು ಉಳಿಸಿದವರ ಉಳಿತಾಯದ ಬೆಲೆ ಎಷ್ಟು ಎಂಬುದು ಪರೀಕ್ಷೆಗೆ ಬರಲಿಲ್ಲ. ಇರಲಿ.

ಆ ಎರಡು ವಾರದ ಮಲಗುವಿಕೆ ಇದೆಯಲ್ಲ, ಅದರ ಬಗ್ಗೆಯೂ ಹೇಳುವುದಿದೆ. ಬೆನ್ನು ನೋವೆಂದರೆ ಹಲಗೆಯ ಮೇಲೆ ಅಲ್ಲಾಡದೆ ಮಲಗಬೇಕು ಎಂದು ನಮ್ಮ ಮನೆಗಳಲ್ಲಿ ಮಾತ್ರವಲ್ಲ, ಡಾಕ್ಟರರೂ ಬಹಳ ಕಾಲ ಹೇಳುತ್ತಿದ್ದರು. 1986ರಲ್ಲಿ ಅಮೆರಿಕದಲ್ಲಿ ಡಾ. ಡೇಯೋ ಮತ್ತು ಸಂಗಡಿಗರು ರೋಗಿಗಳನ್ನು ಎರಡು ಗುಂಪು ಮಾಡಿ, ಒಬ್ಬರಿಗೆ ಎರಡು ದಿನ, ಇನ್ನೊಬ್ಬರಿಗೆ ಏಳು ದಿನ ಮಲಗಲು ಹೇಳಿ ನೋಡಿದರು. ಎರಡು ದಿನದವರು ಕೆಲಸಕ್ಕೆ ಬೇಗ ಮರಳಿದರು. ಗುಣದಲ್ಲಿ ಏಳು ದಿನದವರಿಗೆ ಏನೂ ಹೆಚ್ಚು ಲಾಭವಾಗಲಿಲ್ಲ. ಮೂಳೆಯೂ ಸ್ನಾಯುವೂ ಬಳಸಿದರೆ ಬೆಳೆಯುವ, ಬಿಟ್ಟರೆ ಕರಗುವ ಆಸ್ತಿಗಳು. ಜರ್ಮನಿಯ ವೋಲ್ಫ್ ಎಂಬ ವೈದ್ಯ 1892ರಲ್ಲೇ, ಮೂಳೆ ತನ್ನ ಮೇಲೆ ಬೀಳುವ ಭಾರಕ್ಕೆ ತಕ್ಕಂತೆ ತನ್ನನ್ನು ತಾನೇ ಕಟ್ಟಿಕೊಳ್ಳುತ್ತದೆ ಎಂದು ಬರೆದ. ಭಾರವೇ ಇಲ್ಲದ ಆಕಾಶದಲ್ಲಿ ತಿಂಗಳುಗಟ್ಟಲೆ ಇದ್ದು ಬರುವವರ ಸೊಂಟದ ಮೂಳೆ ತಿಂಗಳಿಗೆ ನೂರಕ್ಕೆ ಒಂದರಷ್ಟೋ ತುಸು ಹೆಚ್ಚೋ ಸವೆಯುತ್ತದಂತೆ. ಭಾರ ಹೆಚ್ಚಾದರೂ ಕೇಡು, ಇಲ್ಲವಾದರೂ ಕೇಡು. ಎಷ್ಟು ಎಂಬುದನ್ನು ಹೇಳಲು ತಿಳಿದವರು ಬೇಕು.

ಆ ತಿಳಿದವರು ಫಿಜಿಯೋಥೆರಪಿಯವರು. ನಮ್ಮಲ್ಲಿ ಅವರಿಗಿರುವ ಗೌರವ ನೋಡಿ! ಮುನಿಸಿಪಲ್ ಆಸ್ಪತ್ರೆಯೊಂದರ ಆ ವಿಭಾಗಕ್ಕೆ ಅಪ್ಪನನ್ನು ನಾನೇ ಕರೆದೊಯ್ಯುತ್ತಿದ್ದೆ. ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು, ಮರಾಠಿ ಹೆಣ್ಣುಮಗಳು. ಮಲಗಿಸಿ ಮೊಣಕಾಲು ಮಡಚಿಸಿ, ಹೊಟ್ಟೆ ಬಿಗಿ ಹಿಡಿಸಿ, ಸೊಂಟ ಎತ್ತಿಸಿ, ಎಣಿಸುತ್ತಿದ್ದರು. ಒಂಬತ್ತು ದಿನಕ್ಕೆ ಅಪ್ಪ ನಿಲ್ಲಿಸಿದರು. ಒಂದು ಸಲ ಹೋಗಿ ಬಂದರೆ ಅರ್ಧ ದಿನ ಹೋಯಿತು. ಅಷ್ಟರಲ್ಲಿ ಬೇರೆ ಸಣ್ಣ ಕೆಲಸ ಹಿಡಿದಿದ್ದರು. ಅಮ್ಮ ಅಂದದ್ದು: "ಮದ್ದಿಲ್ಲ, ಇಂಜೆಕ್ಷನ್ ಇಲ್ಲ. ಬರೇ ಕೈಕಾಲು ಆಡಿಸುದಕ್ಕೆ ಅಲ್ಲಿವರೆಗೆ ಹೋಗ್ಬೇಕಾ ಮಗಾ?" ಪಕ್ಕದ ಮನೆಯವರು ಅದನ್ನು ಮಾಲೀಸು ಎಂದೇ ಕರೆಯುತ್ತಿದ್ದರು. ಎಂ.ಬಿ.ಬಿ.ಎಸ್. ಸಿಗದವರು ಹೋಗುವ ಜಾಗ ಎಂದು ನಮ್ಮ ಕಾಲೇಜಿನ ಸೈನ್ಸ್ ಗೆಳೆಯರೂ ಅನ್ನುತ್ತಾರೆ. ಸರ್ಜನ್ ಮೂಳೆ ಕೂಡಿಸಿ ಕೊಡುತ್ತಾನೆ, ಸರಿ; ಕೂಡಿದ ಮೂಳೆಯ ಮೇಲೆ ಮನುಷ್ಯನನ್ನು ನಿಲ್ಲಿಸಿ ನಡೆಸುವುದು ಯಾರ ಕೆಲಸ?

ಒಂದು ಚಿಕ್ಕ ಉದಾಹರಣೆ ಕೊಡುತ್ತೇನೆ. ನಮ್ಮ ಚಾಳಿನಲ್ಲಿ ಬಲಗಾಲಿನ ಸೊಂಟ ನೋಯುವ ಅಜ್ಜಿಯೊಬ್ಬರಿದ್ದಾರೆ. ಊರುಗೋಲು ಬಲಗೈಯಲ್ಲೇ ಹಿಡಿಯುತ್ತಾರೆ. ನೋವಿರುವ ಕಡೆಗೇ ತಾನೇ ಆಸರೆ ಬೇಕಾದದ್ದು? ಅಲ್ಲವಂತೆ! ಕೋಲು ಎಡಗೈಯಲ್ಲಿರಬೇಕು. ಕಾರಣ ಮತ್ತೆ ಅದೇ ಸನ್ನೆ. ನಡೆಯುವಾಗ ಎಡಗಾಲು ಎತ್ತಿದ ಗಳಿಗೆ ಇಡೀ ಮೈ ಬಲ ಸೊಂಟದ ಕೀಲಿನ ಮೇಲೆ ನಿಂತಿದೆ, ಎಡಕ್ಕೆ ವಾಲಲು ನೋಡುತ್ತಿದೆ. ಕೀಲಿನ ಹೊರಬದಿಯ ಸ್ನಾಯು ಅದನ್ನು ಎಳೆದು ಹಿಡಿಯಬೇಕು. ಅದರ ತೋಳು ಗಿಡ್ಡ, ಮೈಭಾರದ ತೋಳು ಸುಮಾರು ಎರಡರಷ್ಟು. ಆದ್ದರಿಂದ 50 ಕಿಲೋದ ಅಜ್ಜಿಯ ಕೀಲಿನ ಮೇಲೆ 125 ಕಿಲೋದಷ್ಟು ಬೀಳುತ್ತದೆ. ಎಡಗೈಯ ಕೋಲು ಕೀಲಿನಿಂದ ಬಹಳ ದೂರ, ಅದರ ತೋಳು ಉದ್ದ. ಅಲ್ಲಿ ಐದಾರು ಕಿಲೋ ಊರಿದರೂ ಸ್ನಾಯುವಿನ ದುಡಿಮೆ ಅರ್ಧಕ್ಕಿಂತ ಹೆಚ್ಚು ಕಡಿಮೆಯಾಗಿ, ಕೀಲಿನ ಭಾರ ಹತ್ತಿರ ಹತ್ತಿರ ಅರ್ಧವಾಗುತ್ತದೆ. 1956ರಲ್ಲಿ ಬ್ಲೌಂಟ್ ಎಂಬ ಅಮೆರಿಕದ ಮೂಳೆವೈದ್ಯರು 'ಕೋಲನ್ನು ಬಿಸಾಡಬೇಡಿ' ಎಂಬ ಅರ್ಥದ ತಲೆಬರಹ ಕೊಟ್ಟು ಇದನ್ನೇ ಬರೆದರು. ಒಂದು ಪೈಸೆ ಖರ್ಚಿಲ್ಲ, ಕೋಲು ಕೈ ಬದಲಿಸಿದರೆ ಸಾಕು. ಆ ಅಜ್ಜಿಗೆ ಮಾತ್ರೆ ಬರೆದವರು ಅನೇಕರು. ಕೈ ಬದಲಿಸಲು ಹೇಳಿದವರು ಯಾರೂ ಇರಲಿಲ್ಲ. ನಾನು ಹೇಳಿದರೆ "ನೀ ಡಾಕ್ಟರಾ?" ಅಂದರು.

ಜೈಪುರ ಕಾಲಿನ ಕಥೆ ಎಲ್ಲರಿಗೂ ಗೊತ್ತಿರುವುದರಿಂದ ಉದ್ದ ಮಾಡುವುದಿಲ್ಲ. 1968ರ ಹೊತ್ತಿಗೆ ರಾಮಚಂದ್ರ ಶರ್ಮಾ ಎಂಬ ಕುಶಲಕರ್ಮಿಯೂ ಡಾ. ಪಿ.ಕೆ. ಸೇಠಿಯವರೂ ಕೂಡಿ ಮಾಡಿದ್ದು. ಅದಕ್ಕೆ ಮೊದಲು ಸಿಗುತ್ತಿದ್ದ ವಿಲಾಯತಿ ಪಾದ ಬೂಟಿನೊಳಗೆ ಇರಬೇಕಾದದ್ದು, ಬಗ್ಗದ್ದು. ನೆಲದ ಮೇಲೆ ಚಕ್ಕಲಮಕ್ಕಲ ಹಾಕಿ ಕೂರುವ, ಕುಕ್ಕರಗಾಲಲ್ಲಿ ಕೂರುವ, ಗದ್ದೆಯಲ್ಲಿ ಬರಿಗಾಲಲ್ಲಿ ಇಳಿಯುವ ನಮ್ಮವರಿಗೆ ಅದರಿಂದೇನು? ಅವರು ರಬ್ಬರು, ಮರ ಕೂಡಿಸಿ ಎಲ್ಲ ಕಡೆಗೂ ಬಾಗುವ ಪಾದ ಮಾಡಿದರು. 1981ರಲ್ಲಿ ಸೇಠಿಯವರಿಗೆ ಮ್ಯಾಗ್ಸೇಸೆ ಪ್ರಶಸ್ತಿ ಬಂತು. ಶರ್ಮಾ ಶಾಲೆ ಕಲಿತದ್ದು ಬಹಳ ಕಡಿಮೆ. ಯಾರ ಮೈ ಹೇಗೆ ಕೂರುತ್ತದೆ, ಹೇಗೆ ಏಳುತ್ತದೆ ಎಂದು ಕಣ್ಣಾರೆ ನೋಡಿದವನಿಗೆ ಮಾತ್ರ ಹೊಳೆಯುವ ವಿದ್ಯೆ ಇದು.

ಇಂಥ ವಿದ್ಯೆ ಕಲಿಯಲು ಮುಂಬಯಿಗಿಂತ ಹಳೆಯ ಜಾಗ ನಮ್ಮ ದೇಶದಲ್ಲಿ ಹುಡುಕುವುದು ಕಷ್ಟ. ಪರೇಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ 1950ರ ದಶಕದ ಆರಂಭದಲ್ಲೇ ಫಿಜಿಯೋಥೆರಪಿ ಶಾಲೆ ಶುರುವಾಯಿತು. ಹಾಜಿ ಅಲಿಯ ಅಖಿಲ ಭಾರತ ಪುನರ್ವಸತಿ ಸಂಸ್ಥೆ 1955ರದ್ದು, ಅಲ್ಲಿ ಕೃತಕ ಕೈಕಾಲು ಮಾಡುವ ವಿದ್ಯೆಯನ್ನೂ ಕಲಿಸುತ್ತಾರೆ. 2021ರಲ್ಲಿ ಫಿಜಿಯೋಥೆರಪಿಯಂಥ ವೃತ್ತಿಗಳಿಗೆ ಒಂದು ರಾಷ್ಟ್ರೀಯ ಆಯೋಗದ ಕಾಯಿದೆಯೂ ಬಂತು. ಅಲ್ಲಿಯವರೆಗೆ ಡಾಕ್ಟರರಿಗೆ, ನರ್ಸುಗಳಿಗೆ ಇದ್ದಂತೆ ಇವರಿಗೆ ದೇಶಕ್ಕೆಲ್ಲ ಒಂದೇ ಮಂಡಳಿ ಇರಲಿಲ್ಲ ಎಂಬುದೇ ನನಗೆ ಆಶ್ಚರ್ಯ. ಹನ್ನೆರಡನೆಯ ಇಯತ್ತೆಯಲ್ಲಿರುವ ತಮ್ಮ-ತಂಗಿಯರಿರುವವರು ದಯವಿಟ್ಟು ಇದನ್ನು ಮನೆಯಲ್ಲಿ ಓದಿ ಹೇಳಿ.

ಆದರೆ ಫಿಜಿಯೋಥೆರಪಿಸ್ಟರ ಸಂಖ್ಯೆ ಹೆಚ್ಚಾದರೆ ಎಲ್ಲ ಸರಿಹೋಗುತ್ತದೆ ಎಂಬವನಲ್ಲ ನಾನು. 'ಮೊಣಕಾಲು ಬಗ್ಗಿಸಿ ಎತ್ತಿ, ಬೆನ್ನು ನೇರ ಇಡಿ' ಎಂದು ಕೆಲಸಗಾರರಿಗೆ ಪಾಠ ಹೇಳಿಸುವುದು ಈಗ ದೊಡ್ಡ ಕಂಪನಿಗಳಲ್ಲಿ ಒಂದು ಪದ್ಧತಿ. ಅಂಥ ಪಾಠದಿಂದ ಬೆನ್ನುನೋವು ಕಡಿಮೆಯಾಗುತ್ತದೆಯೇ ಎಂದು ಹಲವು ಪ್ರಯೋಗಗಳನ್ನು ಕೂಡಿಸಿ ನೋಡಿದ 2011ರ ಕಾಕ್ರೇನ್ ಪರಿಶೀಲನೆ, ಪಾಠ ಕೇಳಿದವರಿಗೂ ಕೇಳದವರಿಗೂ ವ್ಯತ್ಯಾಸ ಕಾಣಲಿಲ್ಲ ಎಂದಿತು. ನನಗೆ ಇದರಲ್ಲಿ ಸೋಜಿಗವೇನೂ ಇಲ್ಲ. ಪಾಠ ಆಳಿನ ಮೈಯನ್ನು ತಿದ್ದುತ್ತದೆ, ಚೀಲವನ್ನು ತಿದ್ದುವುದಿಲ್ಲ. ಸನ್ನೆಯ ಲೆಕ್ಕದಲ್ಲಿ ಎರಡೇ ಬಾಬ್ತು: ಭಾರ, ದೂರ. ದೂರವನ್ನು ಕೆಲಸಗಾರ ಅಷ್ಟೋ ಇಷ್ಟೋ ಕಡಿಮೆ ಮಾಡಿಯಾನು, ಅದೂ ಪಾತ್ರೆ ಬಿಸಿಯಿಲ್ಲದಿದ್ದರೆ. ಭಾರ ಅವನ ಕೈಯಲ್ಲಿಲ್ಲ. ಭಟ್ಟಿಯನ್ನು ಸೊಂಟದೆತ್ತರಕ್ಕೆ ಕಟ್ಟಿಸುವುದು, ಪಾತ್ರೆಯ ಬುಡಕ್ಕೆ ನಲ್ಲಿ ಹಾಕಿಸುವುದು, ಇಪ್ಪತ್ತು ಕಿಲೋದ ಒಂದರ ಬದಲು ಹತ್ತರದ್ದು ಎರಡು ತರುವುದು, ಒಂದು ಗಾಲಿಬಂಡಿ ಕೊಳ್ಳುವುದು ಇವೆಲ್ಲ ಗಲ್ಲದ ಮೇಲೆ ಕೂತವರ ನಿರ್ಧಾರ. ಎಲ್ಲ ಕೂಡಿಸಿದರೂ ಹೋಟೆಲಿನ ಹೊಸ ಬೋರ್ಡಿಗೆ ಹಾಕುವ ದುಡ್ಡಿಗಿಂತ ಹೆಚ್ಚಾಗದು. 1969ರಲ್ಲಿ ಮಹಾರಾಷ್ಟ್ರದಲ್ಲಿ ಮಾಥಾಡಿ ಕಾಯಿದೆ ಬಂದದ್ದು ಹಮಾಲರಿಗೆ ಹೇಗೆ ಹೊರಬೇಕೆಂದು ಪಾಠ ಹೇಳಿದ್ದರಿಂದಲ್ಲ. ಅಣ್ಣಾಸಾಹೇಬ ಪಾಟೀಲರ ಹಿಂದೆ ಅವರು ಒಟ್ಟಾಗಿ ನಿಂತದ್ದರಿಂದ. ಹೋಟೆಲಿನ ಒಳಗಿನವರಿಗೆ ಅಂಥ ಒಗ್ಗಟ್ಟು ಇಲ್ಲ, ನಮ್ಮವರೇ ಧಣಿಗಳು, ನಮ್ಮವರೇ ಆಳುಗಳು, ಊರಿನ ಜಾತ್ರೆಯಲ್ಲಿ ಮತ್ತೆ ಮುಖ ನೋಡಬೇಕು.

ನಮ್ಮ ಸಂಘ ಇದರಲ್ಲಿ ಏನು ಮಾಡಬಹುದು? ಕವಿಗೋಷ್ಠಿ ನಿಲ್ಲಿಸಿ ಎನ್ನುವುದಿಲ್ಲ. ಒಂದು ಸಣ್ಣ ಕೆಲಸ ಉಂಟು. ಆ ಮರಾಠಿ ಫಿಜಿಯೋಥೆರಪಿಸ್ಟರು ನನ್ನನ್ನು ಕೇಳಿದರು: "ಕನ್ನಡದ ರೋಗಿಗಳು, ಅದರಲ್ಲೂ ಊರಿಂದ ಹೊಸದಾಗಿ ಬಂದವರು ಬಂದಾಗ ನಾನು ಕೈಸನ್ನೆಯಲ್ಲೇ ಹೇಳಬೇಕು. ಇಪ್ಪತ್ತು ವಾಕ್ಯ ಬರೆದುಕೊಡ್ತೀರಾ?" ಕನ್ನಡ ವಾಕ್ಯ, ಪಕ್ಕದಲ್ಲಿ ದೇವನಾಗರಿಯಲ್ಲಿ ಅದರ ಉಚ್ಚಾರ, ಕೆಳಗೆ ಗೆರೆಚಿತ್ರ. ನಾನು ಎಂಟು ಬರೆದಿದ್ದೇನೆ: ಉಸಿರು ಬಿಡಿ, ಮೊಣಕಾಲು ಮಡಚಿ, ಹೊಟ್ಟೆ ಬಿಗಿ ಹಿಡಿಯಿರಿ, ಕೋಲು ಈ ಕೈಯಲ್ಲಿ ಹಿಡಿಯಿರಿ ಹೀಗೆ. ಚಿತ್ರ ಬರೆಯಬಲ್ಲವರು ಒಬ್ಬರು ಬೇಕು. ಇನ್ನೊಂದು ತಕರಾರೂ ಇದೆ. ನಾನು 'ಸೊಂಟ ಎತ್ತಿ' ಎಂದು ಬರೆದದ್ದನ್ನು ನೋಡಿ ವಿಜಯಪುರದ ಗೆಳೆಯ, ನಮ್ಮ ಕಡೆ ಅದಕ್ಕ ಟೊಂಕ ಅಂತಾರ, ನಡಾ ಅಂತಾರ, ನಿಮ್ಮ ಸೊಂಟ ಯಾರಿಗೆ ಬೇಕೋ ಎಂದ. ಶನಿವಾರ ನಾಲ್ಕಕ್ಕೆ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಕೂತು ತೀರ್ಮಾನ ಮಾಡುವ, ಬನ್ನಿ.